ಅಂಗೈ ಅಗಲದ ಬಟ್ಟೆ

ಬಾಣಂತನಕ್ಕೆ ಗಂಡಸು ಬಂದಿದ್ದಾನೆಂದು ಮಗಳ ಮನೆಯಿರುವ ವೆಂಬ್ಲಿಯಲ್ಲಿ ಯಾರೂ ನಗಲಿಲ್ಲ. ನಕ್ಕವಳು ಮೈಸೂರಿನಲ್ಲಿರುವ ನನ್ನ ಅಕ್ಕ ವಿಶಾಲಾಕ್ಷಿ. "ಅನ್ನಕ್ಕೆ ನೀರೆಷ್ಟು ಅಂತ ಗೊತ್ತಿಲ್ಲದೋನು ಬಾಣಂತನ ಮಾಡ್ತಾನಂತೆ! ಬಟ್ಟೆ ಮಾತ್ರ ಚೆನ್ನಾಗಿ ಒಗೀತೀಯ ನರಸಿಂಹ, ಅದೊಂದು ಮಾಡು, ಹೋಗು" ಎಂದಿದ್ದಳು. ನನ್ನ ಹೆಂಡತಿ ಹೋಗಿ ಆರು ವರ್ಷ. ಮಗಳು ಸ್ಮೃತಿಗೆ ತವರಿನಿಂದ ಬರುವವರು ಬೇರೆ ಯಾರಿದ್ದರು?

ಟಿಕೆಟ್ ಇದ್ದದ್ದು ಮೂರು ತಿಂಗಳ ನಂತರಕ್ಕೆ. ಇಪ್ಪತ್ತೈದನೆಯ ವಾರಕ್ಕೇ ಅವಳಿಗೆ ಬಿ.ಪಿ. ಏರಿ, ಫಿಟ್ಸ್ ಬಂದು, ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು ಕೂಸು, ಏಳುನೂರ ಇಪ್ಪತ್ತು ಗ್ರಾಂ. ಸಿಕ್ಕಿದ ವಿಮಾನ ಹತ್ತಿ ನಾನು ಬರುವಷ್ಟರಲ್ಲಿ ತಾಯಿ ಒಂದು ಕಡೆ, ಮಗು ಒಂದು ಕಡೆ. ಅಕ್ಸ್‌ಬ್ರಿಡ್ಜ್ ಕಡೆಯ ಆಸ್ಪತ್ರೆಯಲ್ಲಿ ಅಷ್ಟು ಸಣ್ಣ ಕೂಸನ್ನು ಉಳಿಸಿಕೊಳ್ಳುವ ಘಟಕ ಇಲ್ಲವೆಂದು, ಹುಟ್ಟಿದ ಮೂರು ಗಂಟೆಗೆ ಆಂಬುಲೆನ್ಸ್‌ನಲ್ಲಿ ಊರ ನಡುವಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದ್ದರು. ಬಿ.ಪಿ. ಇಳಿಯದೆ ತಾಯಿಯನ್ನು ಕಳಿಸುವಂತಿರಲಿಲ್ಲ. ಸ್ಮೃತಿ ಮಗಳನ್ನು ನೋಡಿದ್ದು ಫೋನಿನಲ್ಲಿ ಮಾತ್ರ.

ಮೂರನೆಯ ದಿನ ಅಳಿಯ ಸುಧೀರ್ ನನ್ನನ್ನು ಮಗುವಿನ ಬಳಿ ಕರೆದೊಯ್ದ. ಮೊಣಕೈವರೆಗೆ ತೊಳೆಸಿ, ಉಂಗುರ ತೆಗೆಸಿ ಒಳಗೆ ಬಿಟ್ಟರು. ಚಿಕ್ಕಂದಿನಲ್ಲಿ ನಮ್ಮ ಸೋದರಮಾವ ದೀಪ ಹಚ್ಚಿದ ಮೇಲೆ ಕಾವ್ಯ ಓದುತ್ತಿದ್ದರು. ಪದ್ಯ ಮುಗಿಯದೆ ಯಾರೂ ಏಳುವಂತಿರಲಿಲ್ಲ. ಇಲ್ಲಿ ಮಗುವನ್ನು ಇಟ್ಟಿದ್ದ ಗಾಜಿನ ಪೆಟ್ಟಿಗೆಯ ಪಕ್ಕ ಉಸಿರಿನ ಯಂತ್ರ ಒಂದೇ ಅಳತೆಯಲ್ಲಿ ಓದುತ್ತಿತ್ತು. ನಿಲುಗಡೆ ಇಲ್ಲ, ಮುಗಿಯುವ ಸೂಚನೆ ಇಲ್ಲ. ನನಗೆ ಎದ್ದುಬರಲು ಕಾಲೇ ಏಳಲಿಲ್ಲ.

ನರ್ಸ್ ಗೆರ್ಟ್ರೂಡ್ ಉಡುಪಿ ಕಡೆಯವಳು. "ಮುಟ್ಟುದು ಬೇಡ ಅಂಕಲ್, ಚರ್ಮ ಇನ್ನೂ ಕಾಗದದ ಹಾಗೆ ಉಂಟು. ಆದ್ರೆ ಸ್ವರ ಕೇಳ್ತದೆ ಅದಕ್ಕೆ. ಮೆಲ್ಲ ಎಂತಾದ್ರೂ ಹೇಳಿ" ಎಂದಳು.

ಅಷ್ಟು ಪದ್ಯ ಕೇಳಿದವನಿಗೆ ಒಂದು ಸಾಲೂ ಬಾಯಿಗೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಸುಧೀರ್ ಸ್ನಾನಕ್ಕೆಂದು ಫ್ಲ್ಯಾಟಿಗೆ ಬಂದ. ಹೊರಡುವಾಗ ಅಡುಗೆ ಕಟ್ಟೆಯ ಮೇಲೆ ಜಿಪ್ ಇರುವ ಪ್ಲಾಸ್ಟಿಕ್ ಚೀಲ ಇಟ್ಟು, "ಮಾವ, ಮಗೂದು ಇದು. ಸ್ಮೃತಿಗೆ ಕೊಟ್ಬಿಡಿ" ಎಂದ. ಬಿಚ್ಚಿ ನೋಡಿದೆ. ಅಂಗೈ ಅಗಲದ ಬಿಳಿ ಬಟ್ಟೆ, ಮೂಲೆಯಲ್ಲಿ ಹಳದಿ ಕಲೆ. ಪುರುಡಿನ ಬಟ್ಟೆ, ಅದೂ ಆಸ್ಪತ್ರೆಯದು. ಮಗಳ ಹೊಲಿಗೆ ಇನ್ನೂ ಹಸಿ. ಅಲ್ಲಿ ಬಾಗಿಲು ಬಾಗಿಲಿಗೂ ಕೈ ತೊಳೆಸುತ್ತಾರೆ. ಈ ದೇಶಕ್ಕೆ ಬಂದಮೇಲೆ ನನ್ನ ಕೈಗೆ ಸಿಕ್ಕಿದ ಮೊದಲ ಕೆಲಸ ಅದು. ಬಿಸಿನೀರಿನಲ್ಲಿ ಸೋಪು ಹಚ್ಚಿ, ಕಲೆ ಹೋಗುವವರೆಗೆ ಉಜ್ಜಿ, ಕೊನೆಯ ನೀರಿಗೆ ಎರಡು ಹನಿ ಡೆಟಾಲ್ ಬಿಟ್ಟೆ. ರೇಡಿಯೇಟರ್ ಮೇಲೆ ಹರವಿ, ಒಣಗುವ ತನಕ ದೇವರ ಹೆಸರು ಹೇಳಿಕೊಂಡೆ. ಮಡಿಸಿ ಜೇಬಿಗೆ ಇಟ್ಟುಕೊಂಡಾಗ, ಸುಳ್ಳೇಕೆ, ಮನಸ್ಸು ಹಗುರಾಗಿತ್ತು.

ನಾನು ವಾರ್ಡಿಗೆ ಹೋದಾಗ ಸ್ಮೃತಿ ಹಾಸಿಗೆಯಲ್ಲಿ ಎದ್ದು ಕೂತಿದ್ದಳು. ಕೈಯಲ್ಲಿ ಡ್ರಿಪ್, ಮುಖ ಊದಿತ್ತು.

"ಸುಧೀರ್ ಫೋನ್ ಮಾಡಿದ್ರು ಅಪ್ಪ. ಮಗೂ ಕರುಳಲ್ಲಿ ತೂತಾಗಿದೆಯಂತೆ. ಎರಡು ಗಂಟೆಗೆ ಆಪರೇಷನ್. ತಡ್ಕೊಳ್ಳತ್ತೋ ಇಲ್ವೋ ಹೇಳೋಕಾಗಲ್ಲ ಅಂದಿದ್ದಾರೆ." ಒಂದೇ ಉಸಿರಿಗೆ ಹೇಳಿ ಕೈ ಚಾಚಿದಳು. "ಬಟ್ಟೆ ಕೊಡು."

ಕೊಟ್ಟೆ. ಅವಳು ಅದನ್ನು ಎರಡೂ ಕೈಯಲ್ಲಿ ಮುಖಕ್ಕೆ ಒತ್ತಿಕೊಂಡಳು. ತುಂಬ ಹೊತ್ತು ಹಾಗೇ ಇದ್ದಳು. ಆಮೇಲೆ ತಿರುಗಿಸಿ ಇನ್ನೊಂದು ಬದಿ ಮೂಸಿದಳು. ಮೂಲೆ ಮೂಸಿದಳು.

"ಅಪ್ಪ, ಒಗೆದ್ಯಾ?"

"ಕೊಳೆಯಾಗಿತ್ತಮ್ಮ..."

"ಅದೇ ಬೇಕಿದ್ದಿದ್ದು."

ಆಗ ಹೇಳಿದಳು. ಗೆರ್ಟ್ರೂಡ್ ಕೊಟ್ಟದ್ದು ಎರಡು ಬಟ್ಟೆ. ಒಂದನ್ನು ಮಗುವಿನ ತಲೆಯ ಪಕ್ಕ ಇಟ್ಟಿದ್ದರು, ಇನ್ನೊಂದು ಇವಳ ಎದೆಯ ಮೇಲಿತ್ತು. ಮಾರನೆಯ ದಿನ ಅದಲುಬದಲು. ಒಬ್ಬರನ್ನೊಬ್ಬರು ಮುಟ್ಟಲಾಗದವರು ವಾಸನೆಯಿಂದಾದರೂ ಗುರುತು ಹಿಡಿಯಲಿ ಎಂದು. ಇದು ಮೊದಲ ಸಲದ ಅದಲುಬದಲು.

ಅವಳು ಬಯ್ಯಲಿಲ್ಲ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಗೌನಿನ ಒಳಗಿಂದ ತನ್ನ ಬಟ್ಟೆ ತೆಗೆದು, ದಿಂಬಿನ ಪಕ್ಕ ಇದ್ದ ಅಂಥದೇ ಚೀಲಕ್ಕೆ ಹಾಕಿ, ಜಿಪ್ ಎಳೆದಳು.

"ಆಪರೇಷನ್‌ಗೆ ಮುಂಚೆ ಅವಳ ಹತ್ರ ಇಡಿಸು. ಇದನ್ನಾದ್ರೂ ಒಗೀಬೇಡಪ್ಪ."

ನಗಿಸಲೆಂದು ಅಂದಳೋ ಏನೋ. ನಾನು ನಗಲಿಲ್ಲ, ಅವಳೂ ನಗಲಿಲ್ಲ.

ಅಕ್ಸ್‌ಬ್ರಿಡ್ಜ್‌ನಿಂದ ಮೆಟ್ರೊಪಾಲಿಟನ್ ಟ್ರೇನು ಹ್ಯಾರೊದಲ್ಲಿ ಹನ್ನೊಂದು ನಿಮಿಷ ನಿಂತಿತು. ಮುಂದೆ ಸಿಗ್ನಲ್ ಕೆಟ್ಟಿದೆ ಎಂದು ಯಾರೋ ಕ್ಷಮೆ ಕೇಳಿದರು. ಎದುರಿನವರು ಪೇಪರ್ ಓದುತ್ತಿದ್ದರು. ಎದ್ದು ಕೂಗಬೇಕೆನಿಸಿತು, ಯಾರಿಗೆ, ಏನೆಂದು? ಚೀಲವನ್ನು ಅಂಗಿಯೊಳಗೆ ಇಟ್ಟುಕೊಂಡೆ. ನನ್ನ ವಾಸನೆ ತಗುಲೀತೆಂದು ಮತ್ತೆ ಹೊರಗೆ ತೆಗೆದೆ.

ಘಟಕ ತಲುಪಿದಾಗ ಎರಡಕ್ಕೆ ಐದು ನಿಮಿಷವಿತ್ತು. ಕೈ ತೊಳೆದು ಒಳಗೆ ಹೋದರೆ ಆ ಜಾಗ ಖಾಲಿ. ಗಾಜಿನ ಪೆಟ್ಟಿಗೆ ಸಮೇತ ಹೋಗಿತ್ತು. ಓದುತ್ತಿದ್ದ ಯಂತ್ರವೂ ಇರಲಿಲ್ಲ.

"ಈಗಷ್ಟೇ ಕರ್ಕೊಂಡು ಹೋದ್ರು ಅಂಕಲ್" ಎಂದಳು ಗೆರ್ಟ್ರೂಡ್. "ಕಾಲು ಗಂಟೆ ಮುಂಚೆ ಬೇಕು ಅಂದ್ರು, ಅದಕ್ಕೆ."

ನಾನು ಚೀಲ ಮುಂದೆ ಹಿಡಿದೆ. ಬೆಳಗಿನ ಕಥೆಯನ್ನೂ ಹೇಳಿದೆ, ಡೆಟಾಲಿನ ಸಮೇತ. ಅವಳು ಒಮ್ಮೆ ಕಣ್ಣು ಮುಚ್ಚಿದಳು.

"ಅಯ್ಯೋ ದೇವ್ರೆ. ನಾನು ನಿಮಗೂ ಹೇಳ್ಬೇಕಿತ್ತು." ನನ್ನ ಕೈಯಿಂದ ಚೀಲ ತೆಗೆದುಕೊಂಡಳು. "ಇದನ್ನು ಬಂದ ಮೇಲೆ ತಲೆ ಹತ್ರ ಇಡ್ತೇನೆ. ನೀವು ನಿಲ್ಲಿ."

ಬಂದ ಮೇಲೆ ಅಂದಳು. ಅಷ್ಟನ್ನೇ ಹಿಡಿದುಕೊಂಡು ನಿಂತೆ.

ಅವಳು ಒಳಗಿನಿಂದ ಒಂದು ಉಣ್ಣೆಯ ಟೋಪಿ ತಂದಳು. ಮೂಸಂಬಿಗೂ ಬಿಗಿಯಾಗುವಂಥದ್ದು. "ಆಪರೇಷನ್‌ಗೆ ಬೇರೆ ಹಾಕಿದ್ದೇವೆ. ಇದು ನಿನ್ನೆಯಿಂದ ಅದರ ತಲೆಯಲ್ಲೇ ಇತ್ತು." ಕೈಗವಸಿನಲ್ಲಿ ಹಿಡಿದು ಹೊಸ ಚೀಲದಲ್ಲಿಟ್ಟು ಮುಚ್ಚಿದಳು. "ಬಿಚ್ಚುದು ಬೇಡ ಹಾಂ, ದಾರಿಯಲ್ಲಿ."

ಸುಧೀರ್ ಕಾರಿಡಾರಿನಲ್ಲಿ ಗೋಡೆಗೆ ತಲೆ ಆನಿಸಿ ಕೂತಿದ್ದ. ಅವನ ಪಕ್ಕ ಕೂರಬೇಕಿತ್ತು. ಆದರೆ ಅಕ್ಸ್‌ಬ್ರಿಡ್ಜ್‌ನಲ್ಲಿ ಸ್ಮೃತಿ ಒಬ್ಬಳೇ. "ಹೋಗಿ ಮಾವ" ಎಂದ. ಪದ್ಯದ ನಡುವೆ ಎದ್ದು ಬಂದ ಹಾಗಾಯಿತು.

ಫಿಂಚ್ಲಿ ರೋಡಿನಲ್ಲಿ ಟ್ರೇನು ಸುರಂಗದಿಂದ ಹೊರಗೆ ಬಂತು. ಫೋನು ನೋಡಿದೆ, ಏನೂ ಇಲ್ಲ. ವೆಂಬ್ಲಿ ಪಾರ್ಕಿನಲ್ಲೂ ಇಲ್ಲ. ಅಕ್ಸ್‌ಬ್ರಿಡ್ಜ್‌ನಲ್ಲಿ ಇಳಿದಾಗ ನಾಲ್ಕು ಗಂಟೆ.

ಸ್ಮೃತಿಯ ಫೋನು ಹೊದಿಕೆಯ ಮೇಲೆ ಬೋರಲಾಗಿ ಬಿದ್ದಿತ್ತು. ನಾನು ಕೇಳುವ ಮೊದಲೇ ಅವಳು ತಲೆಯಾಡಿಸಿದಳು: ಇನ್ನೂ ಇಲ್ಲ. ಚೀಲ ಕೊಟ್ಟೆ. ಟೋಪಿಯ ಗಾತ್ರ ನೋಡಿ ಅವಳ ಬಾಯಿ ತೆರೆದುಕೊಂಡಿತು. ಜಿಪ್ಪನ್ನು ಎರಡು ಬೆರಳಿನಷ್ಟು ಎಳೆದು, ಮೂಗು ಇಟ್ಟು, ಒಂದೇ ಒಂದು ಸಲ ಉಸಿರೆಳೆದುಕೊಂಡಳು. ಥಟ್ಟನೆ ಮುಚ್ಚಿಬಿಟ್ಟಳು.

"ಯಾಕಮ್ಮ?"

"ಖಾಲಿಯಾಗತ್ತೆ ಅಪ್ಪ" ಎಂದಳು. ಚೀಲವನ್ನು ಎದೆಗೆ ಅವುಚಿಕೊಂಡು, ಮುಚ್ಚಿದ ಜಿಪ್ಪನ್ನು ಮತ್ತೊಮ್ಮೆ ಬೆರಳಿನಿಂದ ಒತ್ತಿ, ಫೋನಿನ ಕಡೆ ನೋಡದೆ ಕೂತಳು.