ಉತ್ತರಕ್ಕೆ ಕದಲದ ನಕ್ಷತ್ರ

ಅಳಿಯ ಅನ್ನುವ ಪ್ರಾಣಿಯ ಬಗ್ಗೆ ಗಡಿಯಾರ ರಿಪೇರಿಯ ಯಜಮಾನರಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಕನ್ನಡಕದಂಗಡಿ ಇಟ್ಟವನು. ಯಾರೋ ಉಜ್ಜಿದ ಗಾಜನ್ನು ಯಾರೋ ಮಾಡಿದ ಚೌಕಟ್ಟಿಗೆ ಸಿಕ್ಕಿಸಿ, ಒರೆಸಿ ಕೊಡುವವನು. ಅದೂ ಒಂದು ಕಸುಬೇ? ಅಂಥವನು ಟೆಲಿಸ್ಕೋಪು ಕೊಂಡ. ಅದರ ಬೆನ್ನ ಮೇಲೆ ಇನ್ನೊಂದು ಪುಟ್ಟ ಟೆಲಿಸ್ಕೋಪು ಕೂರಿಸಿ, ಅದಕ್ಕೊಂದು ಕ್ಯಾಮೆರಾ ಸಿಕ್ಕಿಸಿದ. ಆ ಕ್ಯಾಮೆರಾ ಒಂದೇ ಒಂದು ನಕ್ಷತ್ರವನ್ನು ದಿಟ್ಟಿಸುತ್ತಿರಬೇಕು, ನಕ್ಷತ್ರ ಚೂರು ಜರುಗಿದರೆ ಲ್ಯಾಪ್‌ಟಾಪು ಕೆಳಗಿನ ಮೋಟರಿಗೆ ಹೇಳಿ ಸರಿಮಾಡಿಸಬೇಕು. ಇಷ್ಟೆಲ್ಲ ಏರ್ಪಾಡು ಮಾಡಿಕೊಂಡವನು ಆಕಾಶವನ್ನು ಮಾತ್ರ ತಲೆಯೆತ್ತಿ ನೋಡಿದ್ದನ್ನು ಯಜಮಾನರು ಕಂಡಿರಲಿಲ್ಲ.

ಆದರೂ ಈ ಸಂಜೆ ಅವರು ಮಂಡಿನೋವು ನುಂಗಿಕೊಂಡು ತಾರಸಿ ಹತ್ತಿದ್ದಕ್ಕೆ ಕಾರಣವಿತ್ತು. ಗ್ರಂಥಾಲಯದ ಗೋಪುರದ ಗಡಿಯಾರ ನಿಂತು ನಾಲ್ಕು ತಿಂಗಳಾಗಿತ್ತು. ಅಂಗಡಿ ಮುಚ್ಚಿ ಎರಡು ವರ್ಷವಾದ ಯಜಮಾನರನ್ನು ಹುಡುಕಿಕೊಂಡು ಗ್ರಂಥಪಾಲಕರೇ ಮನೆಗೆ ಬಂದಿದ್ದರು. ಈ ವಯಸ್ಸಿನಲ್ಲಿ ಗೋಪುರ ಹತ್ತುವುದಕ್ಕೆ ಮಗಳು ಸುತರಾಂ ಒಪ್ಪಲಿಲ್ಲ. ಕೊನೆಗೆ ಯಜಮಾನರೇ ಒಂದು ಪಂಥ ಕಟ್ಟಿದರು: "ನಿನ್ನ ಗಂಡನ ಟೆಲಿಸ್ಕೋಪಿನ ಕೆಳಗಿದೆಯಲ್ಲ, ಅದನ್ನ ಹೊತ್ತು ತಿರುಗಿಸೋ ಆ ಮೌಂಟು, ಕರಕರ ಅಂತಿರುತ್ತೆ, ಅದನ್ನ ಬಿಚ್ಚಿ ಕೂಡಿಸ್ತೀನಿ. ಸರಿಯಾಗಿ ನಡೆದ್ರೆ ಗೋಪುರ ಹತ್ತುತ್ತೀನಿ. ನಡೀದಿದ್ರೆ ನೀನು ಹೇಳಿದ ಹಾಗೆ."

ಮೂರು ದಿನ ಹಳೇ ಪೇಪರು ಹಾಸಿಕೊಂಡು ಕೂತು ಬಿಚ್ಚಿದರು, ಸೀಮೆಎಣ್ಣೆಯಲ್ಲಿ ತೊಳೆದರು, ಹೊಸ ಗ್ರೀಸು ಹಚ್ಚಿದರು. ಹಲ್ಲಿನ ಚಕ್ರಕ್ಕೆ ಅದನ್ನು ತಿರುಗಿಸುವ ಸ್ಕ್ರೂವನ್ನು ಎಷ್ಟು ಹತ್ತಿರ ಕೂರಿಸಬೇಕು ಅನ್ನುವುದರಲ್ಲೇ ಇಡೀ ವಿದ್ಯೆ ಇರುವುದು. ಬಿಗಿಯಾದರೆ ಮೋಟರು ಗೋಳಾಡುತ್ತದೆ. ಸಡಿಲವಾದರೆ ಸ್ಕ್ರೂ ಸುತ್ತುತ್ತಿದ್ದರೂ ಚಕ್ರಕ್ಕೆ ಸುದ್ದಿಯೇ ಮುಟ್ಟುವುದಿಲ್ಲ. ಐವತ್ತು ವರ್ಷ ಇದನ್ನು ಬೆರಳ ತುದಿಯಲ್ಲೇ ಅಳೆದವರು ಯಜಮಾನರು. ಅಳತೆಯ ಸಾಧನ ಕೊಡಲು ಬಂದ ಅಳಿಯನಿಗೆ, "ಅದು ಕೈ ಇಲ್ಲದೋರಿಗೆ" ಎಂದು ಹೇಳಿ ಕಳಿಸಿದ್ದರು.

ಈಗ ಕತ್ತಲು ಆಗಷ್ಟೇ ಕೂಡುತ್ತಿತ್ತು. ಅಳಿಯ ಲ್ಯಾಪ್‌ಟಾಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ನಕ್ಷತ್ರ ಆರಿಸಿದ.

"ಮಾವ, ಮೊದಲು ಇದು ನಾಲ್ಕು ದಿಕ್ಕಿಗೂ ಸ್ವಲ್ಪ ಸ್ವಲ್ಪ ತಳ್ಳಿ ನೋಡುತ್ತೆ. ಎಷ್ಟು ತಳ್ಳಿದ್ರೆ ನಕ್ಷತ್ರ ಎಷ್ಟು ಸರಿಯುತ್ತೆ ಅಂತ ಲೆಕ್ಕ ಹಿಡ್ಕೊಂಡ ಮೇಲೇನೇ ನಕ್ಷತ್ರ ಕಾಯೋ ಕೆಲಸ ಶುರು."

"ತಳ್ಳಲಿ, ತಳ್ಳಲಿ. ಪಾಪ, ಅದಕ್ಕಾದ್ರೂ ಏನಾದ್ರೂ ಕೆಲಸ ಬೇಡವೇ."

ಪಶ್ಚಿಮಕ್ಕೆ ತಳ್ಳಿತು, ನಕ್ಷತ್ರ ಸರಿಯಿತು. ಪೂರ್ವಕ್ಕೆ ತಳ್ಳಿತು, ವಾಪಸು ಬಂತು. ಉತ್ತರಕ್ಕೆ ತಳ್ಳಿತು. ಮೋಟರು ಗುಂಯ್ ಅಂದಿತು, ನಕ್ಷತ್ರ ಕದಲಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ, ಇಪ್ಪತ್ತು ಸಲ ತಳ್ಳಿ ಸೋತು, ನಕ್ಷತ್ರ ಸಾಕಷ್ಟು ಚಲಿಸಲಿಲ್ಲ ಎಂದು ಬರೆದು ಲ್ಯಾಪ್‌ಟಾಪು ಸುಮ್ಮನಾಯಿತು.

ಅಳಿಯ ಆ ಸಾಲನ್ನು ಎರಡು ಸಲ ಓದಿದ. ಆಮೇಲೆ, "ವೈರು ಎಳೀತಿರಬೇಕು" ಅಂದ.

ವೈರುಗಳನ್ನು ಬಿಡಿಸಿ ಸಡಿಲವಾಗಿ ಇಳಿಬಿಟ್ಟದ್ದಾಯಿತು. ಅದೇ ಸಂದೇಶ ಬಂತು.

"ನಕ್ಷತ್ರ ಸರಿಯಿಲ್ಲ ಅನ್ಸುತ್ತೆ ಮಾವ. ಬೇರೆ ಆರಿಸ್ತೀನಿ."

"ಹೌದೌದು, ನಕ್ಷತ್ರದ್ದೇ ತಪ್ಪು. ಕೋಟಿ ವರ್ಷದಿಂದ ಉರೀತಿದೆ, ನಿಮ್ಮಷ್ಟು ತಿಳಿವಳಿಕೆ ಅದಕ್ಕೆಲ್ಲಿಂದ ಬರಬೇಕು ಅಳಿಯಂದಿರೇ."

ಬೇರೆ ನಕ್ಷತ್ರವೂ ಜಪ್ಪಯ್ಯ ಅಂದರೂ ಉತ್ತರಕ್ಕೆ ಕದಲಲಿಲ್ಲ. ಅಳಿಯ ತೂಕದ ಗುಂಡನ್ನು ಹಿಂದೆ ಸರಿಸಿದ, ಮುಂದೆ ಸರಿಸಿದ. ಸೆಟ್ಟಿಂಗಿನಲ್ಲಿ ಯಾವುದೋ ಸಂಖ್ಯೆ ಅಳಿಸಿ ಮತ್ತೆ ಅದನ್ನೇ ಬರೆದ. ಲ್ಯಾಪ್‌ಟಾಪು ಆರಿಸಿ ಹೊತ್ತಿಸಿದ. ಯಜಮಾನರಿಗೆ ಮೈಯೆಲ್ಲ ಉರಿಯಿತು. ಕೆಟ್ಟ ಗಡಿಯಾರವನ್ನು ಅಲ್ಲಾಡಿಸಿ, ಕಿವಿಗೆ ಹಿಡಿದು, ಮತ್ತೆ ಅಲ್ಲಾಡಿಸುವ ಗಿರಾಕಿಗಳನ್ನು ಅವರು ಜೀವಮಾನವಿಡೀ ನೋಡಿದ್ದರು. ಆದರೆ ಅಂಥವನೊಬ್ಬನಿಗೆ ಮಗಳನ್ನು ಕೊಟ್ಟಿದ್ದೇನಲ್ಲ ಅನ್ನುವುದು ಇವತ್ತಿನಷ್ಟು ಯಾವತ್ತೂ ಚುಚ್ಚಿರಲಿಲ್ಲ. ಕಂಪ್ಯೂಟರಿನ ತಲೆಬುಡ ತಿಳಿಯದ ಈ ಪೆದ್ದನ ದೆಸೆಯಿಂದ ಗೋಪುರ ಕೈತಪ್ಪಿ ಹೋಗುವುದೆಂದರೆ ಅವರಿಗೆ ಸಹಿಸಲಾಗಲಿಲ್ಲ.

"ಊಟಕ್ಕೆ ಬರ್ತೀರೋ ಇಲ್ವೋ?" ಎನ್ನುತ್ತ ಮಗಳು ಮೇಲೆ ಬಂದಳು. ಸ್ಕ್ರೂ ಯಾವುದು ಮೊಳೆ ಯಾವುದು ಎಂದು ಗೊತ್ತಿಲ್ಲದವಳು. ಏದುಸಿರು ಬಿಡುತ್ತ ಟೆಲಿಸ್ಕೋಪಿನ ಕೊನೆಗೆ ಕೈ ಊರಿದಳು, ತಕ್ಷಣ ಕೈ ತೆಗೆದಳು.

"ಇದೇನು, ಲೊಡಲೊಡ ಅಂತಿದೆ?"

"ಅದು ಇರೋದೇ ಹಾಗೆ" ಎಂದ ಅಳಿಯ, ಅವಳ ಮಾತು ಮುಗಿಯುವ ಮೊದಲೇ.

ಯಜಮಾನರು ಎದ್ದರು. ಕೊಳವೆಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಮುಚ್ಚಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು.

"ಎಲ್ಲಿದೆ? ಕೂದಲೆಳೆಯಷ್ಟೂ ಇಲ್ಲ."

"ಅಯ್ಯೋ ಅಪ್ಪ, ಈಗಲೂ ಆಡ್ತಿದೆಯಲ್ಲ" ಎಂದಳು ಮಗಳು.

ಯಜಮಾನರು ಬಾಗಿ ಮೌಂಟಿಗೆ ಕಿವಿಯಿಟ್ಟು ಇನ್ನೊಮ್ಮೆ ಆಡಿಸಿದರು. ಟಿಕ್, ಟಿಕ್. ಹಲ್ಲಿಗೂ ಸ್ಕ್ರೂಗೂ ನಡುವೆ ಒಂದು ಉಗುರು ತೂರುವಷ್ಟು ಜಾಗವಿದ್ದ ಸದ್ದು. ಕಿವಿಗೆ ಕೇಳಿದ್ದು ಬೆರಳಿಗೆ ತಿಳಿಯಲೇ ಇಲ್ಲ. ಮೂರನೇ ಸಲ ಆಡಿಸಿದರು. ನಾಲ್ಕನೇ ಸಲ ಆಡಿಸಲು ಧೈರ್ಯ ಬರಲಿಲ್ಲ.

"ಯಾವಾಗ ಗೊತ್ತಾಯ್ತು?" ಎಂದು ಅಳಿಯನನ್ನು ಕೇಳಿದರು.

"ಏನು ಮಾವ?"

"ಯಾವಾಗ ಗೊತ್ತಾಯ್ತು ಅಂದೆ."

ಅಳಿಯ ತಲೆ ತಗ್ಗಿಸಿದ. "ಮೊದಲನೇ ಸಲಾನೇ. ಪೂರ್ವ ಪಶ್ಚಿಮ ಸರಿಯಿದ್ದು ಉತ್ತರಕ್ಕೆ ಮಾತ್ರ ಹೋಗ್ಲಿಲ್ಲ ಅಂದ್ರೆ ಆ ಕಡೆ ಸ್ಕ್ರೂ ಸಡಿಲ ಅಂತ್ಲೇ, ಬೇರೇನಿರೋದಿಲ್ಲ. ನೀವು ಮಲಗಿದ ಮೇಲೆ ಬಿಗಿ ಮಾಡಿದ್ರಾಯ್ತು ಅಂದ್ಕೊಂಡೆ."

"ಬಿಗಿ ಮಾಡಿ? ನಿಮ್ಮ ಕೈ ಚೆನ್ನಾಗಿದೆ ಮಾವ ಅಂತ ನನ್ನನ್ನ ಆ ಗೋಪುರ ಹತ್ತಿಸ್ತಿದ್ದೆಯೇನೋ?" ಹನ್ನೊಂದು ವರ್ಷದಲ್ಲಿ ಯಜಮಾನರು ಅಳಿಯನನ್ನು ಏಕವಚನದಲ್ಲಿ ಮಾತಾಡಿಸಿದ್ದು ಇದೇ ಮೊದಲು. "ನಾನು ನಿನ್ನನ್ನ ಪೆದ್ದ ಅಂದ್ಕೊಂಡಿದ್ದೆ. ಆದ್ರೆ ಅದನ್ನ ನಿನ್ನ ಮುಖದ ಮೇಲೇ ತೋರಿಸ್ತಿದ್ದೆ. ನೀನು ನನ್ನನ್ನ ಕೈಲಾಗದ ಮುದುಕ ಅಂದ್ಕೊಂಡು ಸಮಾಧಾನ ಮಾಡೋಕೆ ಬಂದೆ. ಯಾರದ್ದು ಜಾಸ್ತಿ ಕೀಳು ಬುದ್ಧಿ?"

ಯಜಮಾನರು ಮೌಂಟಿನ ಕಡೆ ಕೈ ತೋರಿಸಿದರು.

"ಬಿಗಿ ಮಾಡು. ನನ್ನ ಎದುರಿಗೇ ಮಾಡು."

ಅಳಿಯ ಪಾನಾ ತಂದು ಬಿಗಿ ಹೊಂದಿಸುವ ಪುಟ್ಟ ಸ್ಕ್ರೂವನ್ನು ಎಂಟನೇ ಒಂದು ಸುತ್ತು ತಿರುಗಿಸಿದ, ಬೆರಳಿಟ್ಟು ನೋಡಿದ, ಕೂದಲಷ್ಟು ಹಿಂದಕ್ಕೆ ಬಿಟ್ಟ. ಆ ಕೊನೆಯ ಕೂದಲಷ್ಟನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಯಜಮಾನರು ಅದನ್ನು ನೋಡಿದರು, ಮೆಚ್ಚಲು ಮನಸ್ಸಾಗಲಿಲ್ಲ. ಲ್ಯಾಪ್‌ಟಾಪು ಮತ್ತೆ ತಳ್ಳತೊಡಗಿತು. ಪಶ್ಚಿಮ, ಪೂರ್ವ. ಉತ್ತರಕ್ಕೆ ಎರಡನೇ ಸಲ ತಳ್ಳಿದಾಗಲೇ ನಕ್ಷತ್ರ ಸರಿಯಿತು.

ಯಜಮಾನರು ಮಗಳ ಕೈಯಿಂದ ಫೋನು ಇಸಿದುಕೊಂಡು ಗ್ರಂಥಪಾಲಕರ ನಂಬರು ಒತ್ತಿದರು.

"ಗಡಿಯಾರಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನ್ನಿಂದ ಆಗಲ್ಲ."

ಆ ಕಡೆಯಿಂದ ಯಾಕೆ ಎಂಬ ಪ್ರಶ್ನೆ ಬಂತು. ಪಕ್ಕದಲ್ಲಿ ಅಳಿಯ ಪಿಸುಗುಟ್ಟಿದ: "ಮಂಡಿನೋವು ಅಂತ ಹೇಳಿ ಮಾವ."

ಯಜಮಾನರು ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಆಮೇಲೆ ಫೋನಿನಲ್ಲಿ, ಕೇಳಿದವರಿಗೆ ಸ್ಪಷ್ಟವಾಗಿ ಕೇಳುವಷ್ಟು ಜೋರಾಗಿ ಹೇಳಿದರು:

"ಮಂಡಿ ಚೆನ್ನಾಗೇ ಇದೆ. ನನ್ನ ಬೆರಳಿಗೆ ಏನೂ ಗೊತ್ತಾಗ್ತಾ ಇಲ್ಲ."