ದೇವರ ಮನೆಯ ಡ್ರಮ್ಮು

"ತೆಗೀಲಾ ಕೈಯ! ಬಾಗ್ಲು ಮುಟ್ಬ್ಯಾಡ ಅಂತ ಎಷ್ಟು ಸಲ ಬೊಗಳ್ಬೇಕ್ಲಾ ನಿಂಗೆ, ಬಡ್ಡೈದ್ನೆ!"

ಅಪ್ಪಾಜಿಗೌಡರ ಎಕ್ಕಡ ನನ್ನ ಬೆನ್ನಿಗೆ ಬಂದು ಬಿತ್ತು. ಕಾರಿನ ಕೆಳಗಿಂದ ಏಳುವಾಗ ಆಸರೆಗೆ ಬಾಗಿಲು ಹಿಡಿದಿದ್ದೆ, ಅಷ್ಟೇ. ಗೌಡರ ಕಟ್ಟಳೆ ನನಗೆ ಗೊತ್ತಿಲ್ಲದ್ದೇನಲ್ಲ. ಕಾರಿನ ಕೆಳಗಿನದೆಲ್ಲ ನಾನು ಮುಟ್ಟಬಹುದು, ಮೇಲಿನದು ಯಾವುದೂ ಕೂಡದು. ಗಾಲಿ, ಅಚ್ಚು, ಮೆತ್ತಿಕೊಂಡ ಸಗಣಿ, ರಸ್ತೆಯಲ್ಲಿ ಸತ್ತು ಅಂಟಿದ ಹಾವು, ಎಲ್ಲ ನನ್ನದು. ಮಳವಳ್ಳಿಯ ಸುತ್ತಮುತ್ತ ಕಾರು ಬಿಚ್ಚಿ ಕಟ್ಟಬಲ್ಲವನು ಈ ಕರಿಸಿದ್ದಯ್ಯ ಒಬ್ಬನೇ. ಮಂಡ್ಯದ ಲಾರಿ ಶೆಡ್ಡೊಂದರಲ್ಲಿ ಆರು ವರ್ಷ ಒದೆ ತಿಂದು ಕಲಿತ ವಿದ್ಯೆ. ಕಲಿತರೇನು ಬಂತು ಮಣ್ಣು, ಹುಟ್ಟಿದ್ದು ಕೇರಿಯಲ್ಲಿ.

"ಬುದ್ಧೀ, ಇಲ್ನೋಡಿ" ಎಂದು ಹಿಂದಿನ ಗಾಲಿಯ ಬೋಗುಣಿಯಂಥ ಬ್ರೇಕ್ ಡ್ರಮ್ಮು ಬಿಚ್ಚಿ ನೆಲಕ್ಕಿಟ್ಟೆ. ಒಳಮೈಯೆಲ್ಲ ಉತ್ತ ಸಾಲಿನ ಹಾಗೆ ಗೀರುಗಳು; ಹೆರೆದು ನುಣುಪು ಮಾಡದೆ ಬ್ರೇಕು ಕಚ್ಚದು. "ಆಗ್ಲೇ ಎಲ್ಡು ಸಲ ಎರೆಸಾಗದೆ. ಇನ್ನೊಂದ್ ಸಲ ಲೇತಿಗಾಕುದ್ರೆ ಒಡ್ದೋಯ್ತದೆ. ಒಸದು ಆಕ್ಬುಡುಮ."

ಹೊಸದು ಇರಲಿಲ್ಲ ಅಂತಲ್ಲ. ಯುದ್ಧದ ಕಾಲ, ಎಲ್ಲಿಯೂ ಸಾಮಾನು ಸಿಗುತ್ತಿರಲಿಲ್ಲ. ಆದರೂ ಗೌಡರು ಬೆಂಗಳೂರಿನಿಂದ ಒಂದು ತರಿಸಿದ್ದರು. ಅದು ಅವರ ದೇವರ ಮನೆಯಲ್ಲಿ ಕೆಂಪು ವಸ್ತ್ರ ಹೊದ್ದು, ಕುಂಕುಮ ಇಟ್ಟುಕೊಂಡು ಕೂತಿತ್ತು. ಹೊಸ ಕಬ್ಬಿಣ ಆಯುಧಪೂಜೆಯ ದಿನವೇ ಕಾರಿಗೆ ಏರಬೇಕೆಂದು ಪುರೋಹಿತರು ಹೇಳಿಬಿಟ್ಟಿದ್ದರು. ಆಯುಧಪೂಜೆಗೆ ಇನ್ನೂ ಎರಡು ತಿಂಗಳು. ಶ್ರಾವಣದ ಶನಿವಾರಗಳಲ್ಲಿ ಗೌಡರ ಸಂಸಾರ ಮುತ್ತತ್ತಿರಾಯನ ದರ್ಶನಕ್ಕೆ ಹೋಗುವುದು ಮಾತ್ರ ನಿಲ್ಲುವಂತಿರಲಿಲ್ಲ.

"ಅದ್ನ ಈಗ ಮುಟ್ಟಂಗಿಲ್ಲ ಕಣ್ಲಾ. ಅಳೇದ್ನೇ ಎರೆಸ್ಕಂಡ್ ಬಾ."

"ಇಳಿಜಾರ್ನಲ್ಲಿ ಬ್ರೇಕು ನಿಲ್ನಿಲ್ಲ ಅಂದ್ರೆ, ಬುದ್ಧೀ?"

"ಕೆಂಪ ಅವ್ನಲ್ಲ, ಕೊರಡು ಕೊಡ್ತಾನೆ."

ಕೆಂಪಸಿದ್ದಯ್ಯ ನನ್ನ ತಮ್ಮ, ಗೌಡರ ಮನೆಯ ಜೀತದಾಳು. ಮುತ್ತತ್ತಿ ಕಾಡಿನ ಇಳಿಜಾರಿನಲ್ಲಿ ಕಾರಿನ ಪಕ್ಕದಲ್ಲೇ ಓಡುವುದು ಅವನ ಕೆಲಸ. ಕೈಯಲ್ಲಿ ಒಂದೂವರೆ ಗೇಣಿನ ಜಾಲಿ ಕೊರಡು. ಗೌಡರು ಒಳಗಿಂದ "ಆಕ್ಲಾ!" ಎಂದು ಕೂಗಿದ ತಕ್ಷಣ ಅದನ್ನು ಗಾಲಿಯ ಮುಂದೆ ಒಡ್ಡಬೇಕು. ಹೋದ ಶನಿವಾರ ಕೊರಡಿನ ಜೊತೆಗೆ ಕಾಲೂ ಸಿಕ್ಕಿ ಎರಡು ಬೆರಳು ಜಜ್ಜಿಹೋಗಿದ್ದವು.

ಅವನ ಹೆಂಡತಿ ಮಲ್ಲಿಗಮ್ಮ ಅಂಗಳದ ಆಚೆ ನಿಂತು ಸೆರಗೊಡ್ಡಿದಳು. "ನನ್ನೊಡೆಯಾ, ಕಾಲು ಕೀವಾಗದೆ. ಇದೊಂದ್ ವಾರ ಬುಟ್ಬುಡಿ."

"ಇನ್ನೂ ಎಂಟು ಬೆಳ್ಳು ಅವಲ್ಲಮ್ಮಿ" ಎಂದರು ಗೌಡರು.

ಒಳಗೆ ಹೆಂಗಸರು ನಕ್ಕರು. ಡ್ರಮ್ಮು ಹೆಗಲಿಗೇರಿಸಿಕೊಂಡು ಹೊರಟೆ.

ಹೊನ್ನಯ್ಯನ ಕಬ್ಬಿಣ ಹೆರೆಯುವ ಲೇತು ಇದ್ದದ್ದು ಪೇಟೆಯ ತುದಿಯಲ್ಲಿ. ಅವನು ಅಂಚಿನ ದಪ್ಪ ಅಳೆದು ನೋಡಿ ಹಣೆ ಚಚ್ಚಿಕೊಂಡ.

"ಎರೆಯಾಕೆ ಏನ್ಲಾ ಉಳ್ದದೆ ಇದ್ರಲ್ಲಿ? ಅಪ್ಪಳ ಆಗೋಯ್ತದೆ ಕಣ್ಲಾ."

"ಅದ್ನೇ ಗೌಡ್ರಿಗೆ ಒಂದ್ಮಾತು ಏಳಿ ಸ್ವಾಮೀ. ನೀವೇಳುದ್ರೆ ಕೇಳ್ತರೆ."

"ಈ ಅಂಗ್ಡಿ ಅವ್ರ ಜಾಗ್ದಲ್ಲಿ ಅದೆ. ನಂಗ್ಯಾಕಪ್ಪಾ ಊರ ಉಸಾಬರಿ."

ಹೆರೆದ. ಹೆರೆದ ಮೇಲೆ ತಂತಿಗೆ ನೇತುಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿದ. ಗಟ್ಟಿ ಡ್ರಮ್ಮು ಗಂಟೆಯಂತೆ ಉಲಿಯಬೇಕು. ಇದು ಒಡಕು ಮಡಕೆಯಂತೆ ದಬ್ ಎಂದಿತು. ಇಬ್ಬರ ಕಿವಿಗೂ ಬಿತ್ತು. ಹೊನ್ನಯ್ಯ ಅದನ್ನು ಗೋಣಿಯಲ್ಲಿ ಸುತ್ತಿ, ಕೈಗೆ ಕೈ ತಾಕದ ಹಾಗೆ ನೆಲದ ಮೇಲೆ ನನ್ನ ಕಡೆಗೆ ತಳ್ಳಿದ.

ಶನಿವಾರ ಬೆಳಿಗ್ಗೆ. ಗೌಡರ ಮನೆಯವರೆಲ್ಲ ಮಿಂದು ಮಡಿಯುಟ್ಟು ಜಗಲಿಯ ಮೇಲೆ ಕಾಯುತ್ತಿದ್ದರು. ಕಾರು ಜಾಕಿಯ ಮೇಲಿತ್ತು, ಗಾಲಿ ಪಕ್ಕದಲ್ಲಿ ಮಲಗಿತ್ತು. ಕೆಂಪ ಕಾಲಿಗೆ ಹಳೇ ಸೀರೆಯ ಚೂರು ಸುತ್ತಿಕೊಂಡು, ಕೊರಡು ಹಿಡಿದು ಕುಂಟುತ್ತಾ ಬಂದ.

"ಅಣ್ಣೋ, ನಿಂತದಾ ಬ್ರೇಕು?"

ಹೂಂ ಎಂದರೆ ಮಧ್ಯಾಹ್ನದ ಹೊತ್ತಿಗೆ ಅವನ ಹೆಣ ಹೊರಬೇಕು. ಗೋಣಿ ಬಿಚ್ಚಿದೆ. ಡ್ರಮ್ಮನ್ನು ಎರಡೂ ಕೈಯಲ್ಲಿ ಎತ್ತಿ ಒಗೆಯುವ ಕಲ್ಲಿಗೆ ಅಪ್ಪಳಿಸಿದೆ. ಎರಡು ಹೋಳಾಯಿತು.

"ಲೇ! ಏನ್ಲಾ ಮಾಡ್ದೆ?"

"ಒಡ್ದೋಯ್ತು ಬುದ್ಧೀ. ಇನ್ನ ಎರೆಸಂಗಿಲ್ಲ."

ಜಗಲಿ ಹತ್ತಿದೆ. ಹುಟ್ಟಿದ ಮೇಲೆ ಮೊದಲ ಸಲ. ಹೊಸ್ತಿಲು ದಾಟಿದೆ, ನಡುಮನೆ ದಾಟಿದೆ. ಹೆಂಗಸರು ಚೀರಿ ಗೋಡೆಗೆ ಅಂಟಿಕೊಂಡರು. ಯಾರೂ ಅಡ್ಡ ಬರಲಿಲ್ಲ. ತಡೆಯಬೇಕಾದರೆ ನನ್ನನ್ನು ಮುಟ್ಟಬೇಕಿತ್ತು. ದೇವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಕೆಂಪು ವಸ್ತ್ರ ಕಿತ್ತೆಸೆದು, ಕೀಲೆಣ್ಣೆಯ ಕೈಯಲ್ಲೇ ಡ್ರಮ್ಮನ್ನು ಎದೆಗವಚಿಕೊಂಡು ಹೊರಗೆ ಬಂದೆ.

"ಕೆಟ್ಟೋಯ್ತು! ಮನೆಯೆಲ್ಲ ಕೆಟ್ಟೋಯ್ತು!" ಎಂದು ಗೌಡರ ತಾಯಿ ಬಾಯಿ ಬಡಿದುಕೊಳ್ಳುತ್ತಿದ್ದರು.

ಡ್ರಮ್ಮನ್ನು ಅಚ್ಚಿಗೆ ಕೂರಿಸಿದೆ. ಬ್ರೇಕಿನ ಸಲಾಕೆ ಬಿಗಿಮಾಡಲು ಅಂಗಾತ ಮಲಗಿ ಕಾರಿನ ಕೆಳಗೆ ತೂರಿದೆ. ಅಷ್ಟರಲ್ಲಿ ಆಳುಗಳು ಸುತ್ತ ನೆರೆದಿದ್ದರು. ನನಗೆ ಕಾಣುತ್ತಿದ್ದದ್ದು ಬರೀ ಕಾಲುಗಳು, ದೊಣ್ಣೆಗಳ ತುದಿಗಳು.

"ಈಚೆ ಬಾರ್ಲಾ ಸೂಳೇಮಗ್ನೆ! ಚರ್ಮ ಸುಲೀತೀನಿ!"

"ತಡೀರಿ ಬುದ್ಧೀ. ಕೆಳುಗ್ಲು ಕೆಲ್ಸ ನಂದಲ್ವರಾ."

ಗೌಡರು ಮೆತ್ತಗೆ ಹೇಳಿದರು, "ಕೆಂಪಾ. ಜಾಕಿ ಕೀಳ್ಲಾ."

ಗಾಲಿ ಇಲ್ಲದ ಅಚ್ಚು ನನ್ನ ಎದೆಯ ಮೇಲಿತ್ತು. ಬಟ್ಟೆ ಸುತ್ತಿದ ಕಾಲು ಕುಂಟುತ್ತಾ ಹತ್ತಿರ ಬಂತು. ಜಾಕಿಯ ಪಕ್ಕ ನಿಂತಿತು. ನನ್ನ ಒಡಹುಟ್ಟಿದವನ ಬಗ್ಗೆಯೂ ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ.

"ಕೀಳ್ಲಾ ಅಂದ್ರೆ!"

ಕೊರಡು ಒಳಗೆ ಬಂತು. ಕೆಂಪ ಅದನ್ನು ಅಚ್ಚಿನ ಕೆಳಗೆ ನೆಟ್ಟಗೆ ನಿಲ್ಲಿಸಿ, ಕಲ್ಲು ತೆಗೆದುಕೊಂಡು ಮೂರು ಏಟು ಬಡಿದು ಬಿಗಿ ಮಾಡಿದ.

ಗೌಡರು ತಾವೇ ಬಂದು ಜಾಕಿಗೆ ಒದ್ದರು. ಕಾರು ಬೆರಳಷ್ಟು ಕುಸಿದು, ಕಿರ್ ಎಂದು ಕೊರಡಿನ ಮೇಲೆ ಕೂತಿತು.

ಮೇಲೆ ಕೆಂಪನ ಬೆನ್ನಿಗೆ ದೊಣ್ಣೆಯ ಏಟುಗಳು ಬೀಳತೊಡಗಿದವು. ಬಟ್ಟೆ ಸುತ್ತಿದ ಕಾಲು ಕೊರಡಿಗೆ ಒತ್ತಿಕೊಂಡೇ ಇತ್ತು, ಕದಲಲಿಲ್ಲ. ಬಟ್ಟೆ ಒದ್ದೆಯಾಗಿ ಕೆಂಪಗಾಗುತ್ತಿತ್ತು.

"ಬಿಗಿ ಮಾಡಣ್ಣೋ" ಎಂದ ಕೆಂಪ.

ಇನ್ನೂ ಎರಡು ನಟ್ಟು ಉಳಿದಿದ್ದವು.