ಈಶಾನ್ಯಕ್ಕೆ ಹೋದ ಒಲೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು, ಮನೆ ಮಾರಿ ನೋಡು ಅನ್ನುವುದನ್ನು ಯಾಕೆ ಬಿಟ್ಟರೋ ಕಾಣೆ. ಬಹುಶಃ ಅವರ ಕಾಲಕ್ಕೆ ಯೂಟ್ಯೂಬ್ ಇರಲಿಲ್ಲ, ಬಚಾವಾದರು.

ಅತ್ತಿಗುಪ್ಪೆಯ ಸುವರ್ಣಾಳನ್ನು ಸುತ್ತಮುತ್ತಲಿನವರೆಲ್ಲ ಬಾಡಿಗೆ ಸುವರ್ಣಮ್ಮ ಎಂದೇ ಕರೆಯುತ್ತಿದ್ದರು. ಯಾವ ಬೀದಿಯಲ್ಲಿ ಯಾವ ಮನೆ ಖಾಲಿಯಾಗುತ್ತದೆ, ಯಾವ ಓನರ್ ಮೀನಿನ ವಾಸನೆಗೆ ಮೂಗು ಮುರಿಯುತ್ತಾರೆ, ಯಾರ ಮನೆಗೆ ಕಾವೇರಿ ನೀರು ಸರಿಯಾಗಿ ಬರುತ್ತದೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ಮಾರಾಟದ ಮಾತು ಬಂತೋ, ಅದೇ ಓನರ್‌ಗಳು, “ಅದು ದೊಡ್ಡ ವ್ಯವಹಾರ ಕಣಮ್ಮ, ಯಾರಾದ್ರೂ ಗಂಡಸರು ನೋಡ್ಕೊಳ್ಲಿ ಬಿಡು” ಎಂದು ಜಾರಿಕೊಳ್ಳುತ್ತಿದ್ದರು. ಕೇಳಿದಾಗಲೆಲ್ಲ ಅವಳ ಮೈ ಉರಿದುಹೋಗುತ್ತಿತ್ತು. ಬಾಡಿಗೆಗೆ ಬರುವವರ ಮುಂದೆ ಇರುವ ಬಾಯಿ ಕೊಳ್ಳುವವರ ಮುಂದೆ ಬಿದ್ದುಹೋಗುತ್ತದೆಯೇ?

ವಿಜಯನಗರದ ಸೇತುರಾಮ್ ನಿವೃತ್ತ ಮೇಷ್ಟ್ರು. ಮೈಸೂರಿನಲ್ಲಿ ಫ್ಲ್ಯಾಟು ಕೊಂಡು ಇಲ್ಲಿನ ಮನೆ ಮಾರಲು ಹೊರಟಿದ್ದರು. ಸುವರ್ಣಾ ಬೆನ್ನು ಬಿಡದೆ ಕಾಡಿದ ಮೇಲೆ ಒಪ್ಪಿಕೊಂಡರು. “ಅಕ್ಷಯ ತದಿಗೆ ತನಕ ನೋಡಮ್ಮ. ಅಷ್ಟರಲ್ಲಿ ಪಾರ್ಟಿ ಬರ್ಲಿಲ್ಲ ಅಂದ್ರೆ ಬ್ರೋಕರ್ ಕಂಪನಿಯೋರಿಗೆ ಕೊಟ್ಬಿಡ್ತೀನಿ” ಅಂದರು. ಅವಳ ಜನ್ಮಕ್ಕೆ ಸಿಕ್ಕ ಮೊದಲ ಮಾರಾಟದ ಮನೆ ಅದು. ಕೈತಪ್ಪಿದರೆ ಎರಡನೆಯದನ್ನು ಯಾರೂ ಕೊಡುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಚಾನೆಲ್ ಶುರುಮಾಡಿದಳು. ಬೇರೆ ಏಜೆಂಟರ ವಿಡಿಯೋಗಳನ್ನೆಲ್ಲ ನೋಡಿದಳು. ಅಲ್ಲಿ ತಂಪು ಕನ್ನಡಕದ ಹುಡುಗರು “ಹಾಯ್ ಫ್ರೆಂಡ್ಸ್” ಎಂದು ಕುಣಿಯುತ್ತಾ ಬಂದು ಬಚ್ಚಲಮನೆಯನ್ನೂ ಅರಮನೆಯ ಹಾಗೆ ತೋರಿಸುತ್ತಿದ್ದರು. ಇಷ್ಟೇನಾ ಅನ್ನಿಸಿತು. ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆಯುಟ್ಟು, ತನ್ನ ಮುಖವೂ ಕಾಣುವಂತೆ ಫೋನನ್ನು ತಾನೇ ಎತ್ತಿ ಹಿಡಿದು, ಪೂರ್ವದ ಬಾಗಿಲಿನಿಂದ ಹಿತ್ತಲಿನವರೆಗೆ ಮನೆ ತೋರಿಸಿ ಹಾಕಿಯೇಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ ಕುತೂಹಲದ ಹುಚ್ಚು. ಸಾರಿಗೆ ಒಗ್ಗರಣೆ ಹಾಕುತ್ತಾ ನೋಡಿದಳು, ಬಟ್ಟೆ ಒಣಹಾಕುತ್ತಾ ನೋಡಿದಳು. ಜನ ನೋಡುತ್ತಲೇ ಇದ್ದಾರೆ! ಯಾರಿವರೆಲ್ಲ? ಚಾಮರಾಜನಗರದಲ್ಲಿ ಕೂತವನಿಗೆ ವಿಜಯನಗರದ ಸಿಂಕು ನೋಡಿ ಏನಾಗಬೇಕು? ಅಷ್ಟು ಜನರಲ್ಲಿ ಒಬ್ಬರೂ ಫೋನ್ ಮಾಡುತ್ತಿಲ್ಲವಲ್ಲ, ಯಾಕೆ?

ಯಾಕೆಂದು ಸಂಜೆ ಗೊತ್ತಾಯಿತು. ಮಡಿವಾಳಪ್ಪ ಎಂಬವರ ಕಾಮೆಂಟು: “ಪೂರ್ವದ ಬಾಗಿಲು. ಒಲಿ ಈಶಾನ್ಯಕ್ಕ ಐತಿ, ದೇವರು ಆಗ್ನೇಯಕ್ಕ ಅದಾನ. ಈ ಮನಿ ತಗೊಂಡವ್ರು ಉದ್ಧಾರ ಆಗಂಗಿಲ್ಲ.” ಅದರ ಕೆಳಗೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಜನ. ದೇವಮೂಲೆಯಲ್ಲಿ ಬೆಂಕಿಯೇ, ಶಿವ ಶಿವಾ, ಬೇಡಪ್ಪಾ ಬೇಡ.

“ಥೂ, ಇವನ ಬಾಯಿಗಿಷ್ಟು ಮಣ್ಣು ಹಾಕ!” ಅಂದಳು ಸುವರ್ಣಾ. ಆ ಮನೆಯ ಒಲೆ ಆಗ್ನೇಯದಲ್ಲೇ ಇದೆ, ದೇವರು ಈಶಾನ್ಯದಲ್ಲೇ ಇದ್ದಾನೆ. ಅವಳೇ ಅಲ್ಲಿ ನಿಂತು ಕಾಫಿ ಕುಡಿದಿದ್ದಾಳೆ. ಆದರೆ ವಿಡಿಯೋ ಮತ್ತೆ ಹಾಕಿ ನೋಡಿದರೆ, ಬಾಗಿಲು ದಾಟಿದ ಕೂಡಲೇ ಎಡಕ್ಕಿರಬೇಕಾದ ಅಡುಗೆಮನೆ ಬಲಕ್ಕಿದೆ! ಮನುಷ್ಯರಾದರೆ ನಿದ್ದೆಯಲ್ಲಿ ಮಗ್ಗುಲು ಬದಲಿಸುತ್ತಾರೆ, ಮನೆಯೂ ಬದಲಿಸುತ್ತದೆಯೇ?

ಅಷ್ಟರಲ್ಲಿ ಸೇತುರಾಮ್ ಫೋನು. “ಏನಮ್ಮಾ ಇದು, ಮಾನ ಕಳೆದುಬಿಟ್ಯಲ್ಲ! ನನ್ನ ಹೆಂಡ್ತಿ ಜಲಜಾ ಸಂಜೆ ಕಾಫೀನೂ ಕುಡಿದಿಲ್ಲ. ಅವಳು ಇಷ್ಟು ವರ್ಷ ಅಡುಗೆ ಮಾಡಿದ ಮನೇಗೆ ದೋಷ ಅಂತೆ! ನಾಳೆ ಕಂಪನಿಯೋರನ್ನ ಕರೆಸ್ತೀನಿ, ಇನ್ನು ನೀನು ಬರೋದು ಬೇಡ.” ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟರು.

ಸುವರ್ಣಾಳಿಗೆ ಅಳು ಬಂತು. ಸುಮ್ಮನೆ ಬಾಡಿಗೆ ಮನೆ ತೋರಿಸಿಕೊಂಡು ಇರಬಾರದಿತ್ತೇ ಅನ್ನಿಸಿತು. ಸೊಸೆಯ ಮುಖ ನೋಡಿ ಅತ್ತೆ ಲಿಂಗಮ್ಮ ಫೋನು ಇಸಿದುಕೊಂಡರು. ಒಲೆ, ದೇವರು, ದಿಕ್ಕು ಯಾವುದೂ ಅವರಿಗೆ ಬೇಕಿರಲಿಲ್ಲ. ಅವರ ಕಣ್ಣು ಹೋದದ್ದೇ ಸೀರೆಯ ಮೇಲೆ.

“ಅದ್ಯಾಕೆ ಸೆರಗು ಬಲಗಡೆಗೆ ಹಾಕ್ಕೊಂಡಿದೀಯೇ, ಸೇಟು ಹೆಂಗಸರ ತರ?”

“ನಾನ್ಯಾಕೆ ಬಲಗಡೆ ಹಾಕ್ಲಿ ಅತ್ತೆ, ಎಡಗಡೆನೇ...” ಎನ್ನುತ್ತಾ ಬಗ್ಗಿದವಳು ಬಾಯಿ ತೆರೆದುಕೊಂಡೇ ನಿಂತಳು. ವಿಡಿಯೋದಲ್ಲಿ ಸೆರಗು ಬಲಭುಜದ ಮೇಲಿತ್ತು. ವಾಚೂ ಬಲಗೈಯಲ್ಲಿತ್ತು. ಓಡಿಹೋಗಿ ಬೀರುವಿನ ಕನ್ನಡಿಯ ಮುಂದೆ ನಿಂತಳು. ಕನ್ನಡಿಯಲ್ಲೂ ಹಾಗೇ! ತನ್ನ ಮುಖ ಕಾಣಲೆಂದು ಮುಂದಿನ ಕ್ಯಾಮೆರಾದಲ್ಲಿ ತೆಗೆದಿದ್ದಳಲ್ಲ, ಆ ಹಾಳು ಫೋನು ಕನ್ನಡಿಯ ಹಾಗೆ ಎಡವನ್ನು ಬಲ ಮಾಡಿ, ದೇವರನ್ನು ಬೆಂಕಿಗೆ, ಬೆಂಕಿಯನ್ನು ದೇವರ ಜಾಗಕ್ಕೆ ತಳ್ಳಿತ್ತು. ಅಳುತ್ತಿದ್ದವಳು ನಗಲಾರಂಭಿಸಿದಳು.

ಬೆಳಗ್ಗೆ ಕಂಪನಿಯವರಿಗಿಂತ ಮೊದಲು ಸೇತುರಾಮರ ಮನೆ ಮುಟ್ಟಿ, ಗಂಡ ಹೆಂಡತಿ ಇಬ್ಬರಿಗೂ ವಿಡಿಯೋದಲ್ಲಿನ ಸೆರಗು ತೋರಿಸಿ ವಿವರಿಸಿದಳು. ಜಲಜಾಗೆ ಥಟ್ಟನೆ ಅರ್ಥವಾಯಿತು. ಸೇತುರಾಮ್, “ಸರಿ, ಹಾಗಾದ್ರೆ ಅದನ್ನ ಅಳಿಸ್ಬಿಡು” ಅಂದರು.

“ಅಳಿಸಿದ್ರೆ, ದೋಷ ಇತ್ತು, ಅದಕ್ಕೇ ಮುಚ್ಚಿಟ್ರು ಅಂತಾರೆ ಸಾರ್. ಇರ್ಲಿ ಬಿಡಿ. ಮೇಡಂ, ನೀವು ಈ ಫೋನ್ ಹಿಡ್ಕೋತೀರಾ? ಹಿಂದಿನ ಕ್ಯಾಮೆರಾ.”

ಜಲಜಾ ಹಿಡಿದರು. ಸುವರ್ಣಾ ಒಲೆಯ ಪಕ್ಕ ನಿಂತು ಹೇಳಿದಳು: “ನಮಸ್ಕಾರ. ತಿರುಗಿದ್ದು ಮನೆ ಅಲ್ಲ, ನನ್ನ ಫೋನು. ಎರಡೂ ವಿಡಿಯೋದಲ್ಲಿ ನನ್ನ ಸೆರಗು ನೋಡಿ, ಗೊತ್ತಾಗುತ್ತೆ. ತಪ್ಪು ನಂದು, ಮನೇದಲ್ಲ. ನಂಬಿಕೆ ಇಲ್ದೋರು ಕಂಪಾಸ್ ತಗೊಂಡು ಬನ್ನಿ. ಮಡಿವಾಳಪ್ಪನೋರೇ, ಮೊದಲು ನೀವೇ ಬನ್ನಿ.”

ಅವಳ ಧೈರ್ಯ ನೋಡಿ ಸೇತುರಾಮ್ ಕಂಪನಿಯವರಿಗೆ ತದಿಗೆ ಕಳೆದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದರು. ಮುಖ ಮಾತ್ರ ಇನ್ನೂ ಸಡಿಲವಾಗಿರಲಿಲ್ಲ.

ಭಾನುವಾರ ಮಡಿವಾಳಪ್ಪ ಬಂದೇಬಿಟ್ಟರು! ಜಟಾಧಾರಿ ಜ್ಯೋತಿಷಿ ಇರಬಹುದೆಂದು ಸುವರ್ಣಾ ಕುತೂಹಲದಿಂದ ಬಾಗಿಲಿಗೆ ಬಂದರೆ, ಇಸ್ತ್ರಿ ಮಾಡಿದ ಅಂಗಿಯ ಸಣಕಲ ಮನುಷ್ಯ. ನಾಯಂಡಹಳ್ಳಿಯಲ್ಲಿ ಬಾಡಿಗೆಗಿರುವವರು. ಹಿಂದೆಯೇ ಹೆಂಡತಿ ಪಾರವ್ವ, ಮುಖ ಗಂಟು ಹಾಕಿಕೊಂಡು. ಮಡಿವಾಳಪ್ಪ ಕಿಸೆಯಿಂದ ಕಂಪಾಸ್ ತೆಗೆದು ನಡುಮನೆಯಲ್ಲಿ ನಿಂತರು, ಅಡುಗೆಮನೆಯಲ್ಲಿ ನಿಂತರು, ದೇವರಮನೆಯ ಮುಂದೆ ಚಪ್ಪಲಿ ಇಲ್ಲದ ಕಾಲಲ್ಲೂ ತುದಿಗಾಲಲ್ಲಿ ನಿಂತರು. ಮುಳ್ಳು ತೋರಿಸಿದ್ದನ್ನು ನಂಬದೆ ಡಬ್ಬಿಯನ್ನು ಅಲ್ಲಾಡಿಸಿ ಮತ್ತೆ ನೋಡಿದರು. ಸುವರ್ಣಾಳಿಗೆ ಮನದಲ್ಲೇ ದೇವರ ನಾಮಸ್ಮರಣೆ.

ಕೊನೆಗೆ ಮಡಿವಾಳಪ್ಪ ಮೆಲ್ಲಗೆ, “ಎಲ್ಲಾ ಸರಿ ಐತ್ರಿ” ಅಂದರು.

ಪಾರವ್ವ ದಢಕ್ಕನೆ ಎದ್ದರು. “ಏನಂದ್ರಿ? ಇನ್ನೊಮ್ಮೆ ಅನ್ರಿ! ಅಕ್ಕಾರ, ಇವರು ಎಷ್ಟು ಮನಿ ಬ್ಯಾಡ ಅಂದಾರ ಗೊತ್ತೇನ್ರಿ ನಿಮಗ? ಕೆಂಗೇರಿ ಉಪನಗರದಾಗ ಬಾವಿ ಸರಿ ಇಲ್ಲ, ಬಸವೇಶ್ವರನಗರದಾಗ ಮೆಟ್ಟಲಾ ಸರಿ ಇಲ್ಲ. ತಪ್ಪು ಹುಡುಕಾಕ ದಿನಾ ಮೊಬೈಲ್ ಹಿಡ್ಕೊಂಡು ಕುಂದರ್ತಾರ. ಇವತ್ತು ಬಾಯಿ ಕಟ್ಟೇತಿ. ಮತ್ತ ಬಾಯಿ ಬಿಡೂದ್ರಾಗ ಮಾತು ಮುಗಿಸಿಬಿಡ್ರಿ, ನಿಮಗ ಪುಣ್ಯಾ ಬರ್ತೈತಿ!”

ಜಲಜಾ ಸೆರಗು ಬಾಯಿಗಿಟ್ಟು ನಕ್ಕರು. ಮಡಿವಾಳಪ್ಪ ಕಂಪಾಸನ್ನು ಕಿಸೆಗೆ ಹಾಕಿ, ಗಂಡಸರು ಗಂಡಸರ ಹತ್ತಿರ ಮಾತಾಡುವ ರೀತಿಯಲ್ಲಿ ಸೇತುರಾಮರ ಪಕ್ಕ ಕುರ್ಚಿ ಎಳೆದುಕೊಂಡರು. “ಹಂಗಾದ್ರ ಸರ, ರೇಟಿನ ವಿಚಾರ...”

ಸುವರ್ಣಾ ಅಭ್ಯಾಸಬಲದಿಂದ ಎದ್ದು ಬಾಗಿಲ ಕಡೆ ಸರಿದಳು. ಇಂಥ ಮಾತಿನ ಹೊತ್ತಿಗೆ ಅವಳನ್ನು ಯಾರೂ ಒಳಗೆ ಇಟ್ಟುಕೊಂಡವರಲ್ಲ.

“ನನ್ನ ಕೇಳ್ಬೇಡಿ” ಅಂದರು ಸೇತುರಾಮ್. “ಈ ಮನೆ ವ್ಯವಹಾರ ಎಲ್ಲ ಅವರದ್ದು. ಸುವರ್ಣಮ್ಮನೋರೇ, ಎಲ್ಲಿಗೆ ಹೊರಟ್ರಿ? ಬನ್ನಿ, ಕೂತ್ಕೊಂಡು ಮಾತಾಡಿ.”

ಹೋಗು, ಬಾ ಅನ್ನುತ್ತಿದ್ದ ಮೇಷ್ಟ್ರು ಬನ್ನಿ ಅಂದಿದ್ದರು. ಅಷ್ಟು ಬಾಯಿ ಇದ್ದ ಸುವರ್ಣಾ ಜಲಜಾರ ಹತ್ತಿರ ಒಂದು ಲೋಟ ನೀರು ಕೇಳಿ ಕುಡಿದಳು. ಆಮೇಲೆ ನಡುಮನೆಯ ಕುರ್ಚಿಯಲ್ಲಿ ಕೂತು, ರೇಟು ಹೇಳಿದಳು.